ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್: ತೊಂದರೆ ಬಂದಾಗ ಮೊದಲು ಯಾವುದು ದುಡಿಯುತ್ತಿದೆ ಅಂತ ನೋಡಿ

“ಲ್ಯಾಪ್‌ಟಾಪ್ ತುಂಬಾ ನಿಧಾನ. ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಲ್ವಾ, ಅದಕ್ಕೇ ಇರಬೇಕು.” ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇದರ ಉಲ್ಟಾ ದೂರು ಕೂಡ ಅಷ್ಟೇ ಸಾಮಾನ್ಯ: “ಗ್ರಾಫಿಕ್ಸ್ ಕಾರ್ಡ್ ಇರೋದನ್ನೇ ತಗೊಂಡೆ, ಬ್ಯಾಟರಿ ಮಾತ್ರ ಮೂರು ಗಂಟೆನೂ ಬರಲ್ಲ.” ಎರಡರಲ್ಲೂ ತಪ್ಪು ಯಾರದ್ದು ಅಂತ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ಪರೀಕ್ಷೆ ಮಾತ್ರ ಆಗಿರುವುದಿಲ್ಲ.

ಬ್ರೌಸರ್, ವಿಡಿಯೋ, ಕಚೇರಿಯ ಕಡತಗಳು, ವಿಡಿಯೋ ಕರೆ, ಒಂದಿಷ್ಟು ಫೋಟೋ ತಿದ್ದುವುದು. ದಿನಬಳಕೆ ಅಂದರೆ ಬಹುತೇಕರಿಗೆ ಇಷ್ಟೇ. ಇತ್ತೀಚಿನ ವರ್ಷಗಳ ಯಾವ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಆದರೂ ಇದನ್ನು ಆರಾಮಾಗಿ ನಿಭಾಯಿಸುತ್ತದೆ. ಹಾಗಾಗಿ ಇಂಥ ಕೆಲಸದಲ್ಲಿ ತೊಂದರೆ ಬಂದರೆ ಗ್ರಾಫಿಕ್ಸ್‌ಗೆ ಶಕ್ತಿ ಸಾಲದು ಅನ್ನುವುದು ನನ್ನ ಪಟ್ಟಿಯಲ್ಲಿ ಕೊನೆಯ ಅನುಮಾನ. ತಪ್ಪು ಚಿಪ್ ಕೆಲಸ ಹಿಡಿದಿರುವುದು, ರ‍್ಯಾಮ್ ಸಾಲದಿರುವುದು, ಡ್ರೈವರ್ (ವಿಂಡೋಸ್‌ಗೂ ಚಿಪ್‌ಗೂ ನಡುವೆ ಮಾತು ದಾಟಿಸುವ ಸಾಫ್ಟ್‌ವೇರ್) ಕೈಕೊಟ್ಟಿರುವುದು, ಇವು ಮೊದಲ ಅನುಮಾನಗಳು. ಹೊಸ ಲ್ಯಾಪ್‌ಟಾಪ್ ನೋಡುವ ಮುಂಚೆ, ರಿಪೇರಿಗೆ ಕೊಡುವ ಮುಂಚೆ, ಕೆಳಗಿನದನ್ನು ಒಮ್ಮೆ ಮಾಡಿ ನೋಡಿ. ಒಂದು ಗಂಟೆಯ ಕೆಲಸ.

ಒಳಗೆ ಏನು ನಡೆಯುತ್ತದೆ

ಇಂಟಿಗ್ರೇಟೆಡ್ ಗ್ರಾಫಿಕ್ಸ್ ಪ್ರೊಸೆಸರ್ ಜೊತೆಯಲ್ಲೇ ಇರುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಲ್ಯಾಪ್‌ಟಾಪಿನ ರ‍್ಯಾಮ್‌ನಲ್ಲೇ ಪಾಲು ತೆಗೆದುಕೊಳ್ಳುತ್ತದೆ. ಇಂಟೆಲ್‌ನ ಯುಎಚ್‌ಡಿ, ಐರಿಸ್ ಎಕ್ಸ್‌ಇ, ಎಎಂಡಿ ಪ್ರೊಸೆಸರ್‌ಗಳ ಒಳಗಿರುವ ರೇಡಿಯನ್, ಇವೆಲ್ಲ ಈ ಜಾತಿಯವು. ಡೆಡಿಕೇಟೆಡ್ ಗ್ರಾಫಿಕ್ಸ್ ಬೇರೆಯೇ ಚಿಪ್. ಪಕ್ಕದಲ್ಲೇ ಅದರದ್ದೇ ವೇಗದ ಮೆಮೊರಿ ಇರುತ್ತದೆ. ಎನ್‌ವಿಡಿಯಾ ಜಿಫೋರ್ಸ್, ರೇಡಿಯನ್ ಆರ್‌ಎಕ್ಸ್ ಈ ಜಾತಿ.

ಎರಡೂ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ತಂತಿ ಸಾಮಾನ್ಯವಾಗಿ ಇಂಟಿಗ್ರೇಟೆಡ್ ಚಿಪ್‌ಗೇ ಸೇರಿರುತ್ತದೆ. ಡೆಡಿಕೇಟೆಡ್ ಚಿಪ್ ಚಿತ್ರ ಬರೆದು, ಅದನ್ನು ಇಂಟಿಗ್ರೇಟೆಡ್ ಕೈಗೆ ಕೊಡುತ್ತದೆ. ಅದು ಪರದೆಗೆ ಕಳಿಸುತ್ತದೆ. ಕೆಲಸ ಇಲ್ಲದಾಗ ಡೆಡಿಕೇಟೆಡ್ ಪೂರ್ತಿ ಮಲಗಬೇಕು. ಎನ್‌ವಿಡಿಯಾ 2010ರಲ್ಲಿ ಆಪ್ಟಿಮಸ್ ಅಂತ ಹೆಸರಿಟ್ಟು ತಂದ ವ್ಯವಸ್ಥೆ ಇದು. ಅದಕ್ಕೂ ಮುಂಚಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಾವೇ ಗುಂಡಿ ಒತ್ತಿ, ಕೆಲವೊಮ್ಮೆ ರೀಸ್ಟಾರ್ಟ್ ಮಾಡಿ ಚಿಪ್ ಬದಲಿಸಬೇಕಿತ್ತು. ಈಗ ಯಾರು ಕೆಲಸ ಮಾಡಬೇಕು ಅಂತ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಅನುಕೂಲವೇನೋ ಹೌದು. ಆದರೆ ಆ ತೀರ್ಮಾನ ತಪ್ಪಿದರೆ ನಮಗೆ ಗೊತ್ತೇ ಆಗುವುದಿಲ್ಲ. ಬಿಸಿ, ಸದ್ದು, ಬ್ಯಾಟರಿ ಇಳಿತ, ತಡವರಿಕೆ, ಹೀಗೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲ ಪರೀಕ್ಷೆ: ಕೆಲಸ ಯಾರ ಕೈಯಲ್ಲಿದೆ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಎಡಗಡೆ ಜಿಪಿಯು 0, ಜಿಪಿಯು 1 ಅಂತ ಕಾಣುತ್ತದೆ. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್. ಒಂದೇ ಇದ್ದರೆ ನಿಮ್ಮದರಲ್ಲಿ ಒಂದೇ ಗ್ರಾಫಿಕ್ಸ್ ಇದೆ, ಇಲ್ಲವೇ ಇನ್ನೊಂದನ್ನು ವಿಂಡೋಸ್ ಗುರುತಿಸಿಲ್ಲ. ಪ್ರತಿಯೊಂದರ ಮೇಲೂ ಒತ್ತಿ, ಬಲಗಡೆ ಮೇಲೆ ಬರುವ ಹೆಸರನ್ನು ಬರೆದಿಟ್ಟುಕೊಳ್ಳಿ. 0 ಅಂದರೆ ಯಾವಾಗಲೂ ಇಂಟಿಗ್ರೇಟೆಡ್ ಅಂತ ಊಹಿಸಬೇಡಿ. ಹೆಸರು ನೋಡಿಯೇ ಖಚಿತ ಮಾಡಿಕೊಳ್ಳಿ.

ಈಗ ಪ್ರೊಸೆಸಸ್ ಪುಟಕ್ಕೆ ಹೋಗಿ. ಕಾಲಂಗಳ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಜಿಪಿಯು ಎಂಜಿನ್’ ಅನ್ನುವುದನ್ನು ಆನ್ ಮಾಡಿ. ಯಾವ ಪ್ರೋಗ್ರಾಂ ಯಾವ ಚಿಪ್ ಬಳಸುತ್ತಿದೆ ಅಂತ ಅಲ್ಲೇ ಬರುತ್ತದೆ. ‘ಜಿಪಿಯು 1, 3ಡಿ’ ಅಂತಿದ್ದರೆ ಆ ಪ್ರೋಗ್ರಾಂ ಎರಡನೇ ಚಿಪ್‌ನಲ್ಲಿ ಚಿತ್ರ ಬರೆಸುತ್ತಿದೆ ಎಂದರ್ಥ. 2017ರ ಕೊನೆಯಲ್ಲಿ ಬಂದ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ಈ ಸೌಲಭ್ಯ ಇದೆ. ಇದೊಂದು ಕಾಲಂ ನೋಡುವ ಅಭ್ಯಾಸ ಆದರೆ ಅರ್ಧ ತಕರಾರು ಅಲ್ಲೇ ಬಗೆಹರಿಯುತ್ತದೆ.

ಮ್ಯಾಕ್ ಬಳಸುವವರಿಗೆ: 2020ರಿಂದ ಬಂದ ಎಂ ಸರಣಿಯ ಚಿಪ್‌ನ ಮ್ಯಾಕ್‌ಬುಕ್‌ಗಳಲ್ಲಿ ಎರಡನೇ ಚಿಪ್ ಇಲ್ಲವೇ ಇಲ್ಲ. ಇಂಟೆಲ್ ಪ್ರೊಸೆಸರ್ ಇದ್ದು ಎರಡು ಗ್ರಾಫಿಕ್ಸ್ ಇರುವ ಹಳೆಯ ಮ್ಯಾಕ್‌ಬುಕ್ ಪ್ರೊ ಆದರೆ ಆ್ಯಕ್ಟಿವಿಟಿ ಮಾನಿಟರ್‌ನ ಎನರ್ಜಿ ಪುಟದಲ್ಲಿ, ದೊಡ್ಡ ಜಿಪಿಯು ಬೇಕೆಂದು ಕೇಳುತ್ತಿರುವ ಪ್ರೋಗ್ರಾಂ ಯಾವುದು ಅಂತ ಒಂದು ಕಾಲಂ ತೋರಿಸುತ್ತದೆ.

ಬ್ಯಾಟರಿ ಬೇಗ ಇಳಿಯುತ್ತದೆ, ಸುಮ್ನೆ ಇದ್ದಾಗಲೂ ಫ್ಯಾನ್ ಓಡುತ್ತದೆ

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನ ದೊಡ್ಡ ಕಾಯಿಲೆ ಇದೇ. ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿಯಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡೆಡಿಕೇಟೆಡ್ ಚಿಪ್ 0 ಪರ್ಸೆಂಟ್ ತೋರಿಸಿದರೆ ಅದಕ್ಕೆ ಕೆಲಸ ಇಲ್ಲ ಅಂತ ಮಾತ್ರ ಅರ್ಥ. ಮಲಗಿದೆ ಅಂತ ಅರ್ಥ ಅಲ್ಲ. ಕೆಲಸ ಇಲ್ಲದೆ ಎಚ್ಚರವಾಗಿ ಕೂತಿರುವ ಚಿಪ್ ಕೂಡ ಕರೆಂಟ್ ತಿನ್ನುತ್ತದೆ. ಅದರ ಮೆಮೊರಿಯೂ ತಿನ್ನುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 56 ವ್ಯಾಟ್-ಅವರ್ ಬ್ಯಾಟರಿ ಅಂದುಕೊಳ್ಳಿ. ಹಗುರ ಕೆಲಸದಲ್ಲಿ ಇಡೀ ಲ್ಯಾಪ್‌ಟಾಪ್ 7 ವ್ಯಾಟ್ ಎಳೆದರೆ 8 ಗಂಟೆ ಬರುತ್ತದೆ. ಎಚ್ಚರವಾಗಿರುವ ಎರಡನೇ ಚಿಪ್ ಇನ್ನೊಂದು 7 ವ್ಯಾಟ್ ಸೇರಿಸಿತು ಅಂದರೆ 4 ಗಂಟೆಗೆ ಇಳಿಯಿತು. ಏನೂ ಕೆಲಸ ಮಾಡದೆಯೇ ಅರ್ಧ ಬ್ಯಾಟರಿ ಹೋಯಿತು. ಆದ್ದರಿಂದ ಬ್ಯಾಟರಿ ಹಳೆಯದಾಯ್ತು ಅಂತ ಹೊಸದು ಹಾಕಿಸುವ ಮುಂಚೆ ಇದನ್ನು ನೋಡಲೇಬೇಕು.

ಎಚ್ಚರ ಇಟ್ಟಿರುವುದು ಯಾರು ಅಂತ ಹಿಡಿಯುವುದು ಹೇಗೆ? ಎನ್‌ವಿಡಿಯಾ ಚಿಪ್ ಆದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಡೆಸ್ಕ್‌ಟಾಪ್ ಮೆನುವಿನಲ್ಲಿ, ಜಿಪಿಯು ಚಟುವಟಿಕೆಯ ಐಕಾನ್ ತೋರಿಸುವ ಆಯ್ಕೆ ಇದೆ. ಆನ್ ಮಾಡಿದರೆ ಗಡಿಯಾರದ ಪಕ್ಕ ಒಂದು ಪುಟ್ಟ ಐಕಾನ್ ಬರುತ್ತದೆ. ಚಿಪ್ ಬಳಕೆಯಲ್ಲಿದ್ದರೆ ಬಣ್ಣ ಬರುತ್ತದೆ, ಇಲ್ಲದಿದ್ದರೆ ಬೂದು. ಅದರ ಮೇಲೆ ಒತ್ತಿದರೆ ಚಿಪ್ ಹಿಡಿದುಕೊಂಡಿರುವ ಪ್ರೋಗ್ರಾಂಗಳ ಹೆಸರು ಸಿಗುತ್ತದೆ.

ಅಲ್ಲಿ ಸಿಕ್ಕಿಬೀಳುವವರು ಬಹುಪಾಲು ಇವರೇ: ಚಲಿಸುವ ವಾಲ್‌ಪೇಪರ್ ತೋರಿಸುವ ಪ್ರೋಗ್ರಾಂ, ಕೀಬೋರ್ಡ್ ದೀಪದ ಬಣ್ಣ ಬದಲಿಸುವ ಪ್ರೋಗ್ರಾಂ, ಆಟಗಳ ಲಾಂಚರ್, ಹಿನ್ನೆಲೆಯಲ್ಲಿ ಪರದೆಯನ್ನು ಸದಾ ರೆಕಾರ್ಡ್ ಮಾಡುತ್ತಿರುವ ಸೌಲಭ್ಯ, ಚಾಟ್ ಆ್ಯಪ್‌ಗಳು.

ಇನ್ನೊಂದು ಗುಂಪು ಇದೆ, ಅದನ್ನು ಯಾರೂ ಅನುಮಾನಿಸುವುದಿಲ್ಲ: ಬಿಸಿ ಎಷ್ಟಿದೆ ಅಂತ ತೋರಿಸುವ ಪ್ರೋಗ್ರಾಂಗಳು. ನನ್ನ ಲ್ಯಾಪ್‌ಟಾಪ್‌ನಲ್ಲಿ ಆಗಿದ್ದೂ ಇದೇ. ಫ್ಯಾನ್ ಯಾಕೆ ನಿಲ್ಲುತ್ತಿಲ್ಲ ಅಂತ ನೋಡಲು ಅಂಥದ್ದೊಂದನ್ನು ಹಾಕಿಕೊಂಡೆ. ಅದು ಕೆಲವು ಸೆಕೆಂಡಿಗೊಮ್ಮೆ ಡೆಡಿಕೇಟೆಡ್ ಚಿಪ್‌ನ ಬಿಸಿ ಕೇಳುತ್ತಿತ್ತು. ಕೇಳಿದಾಗಲೆಲ್ಲ ಚಿಪ್ ಎದ್ದು ಉತ್ತರ ಕೊಡಬೇಕು. ಹೀಗಾಗಿ ಅದು ಮಲಗುತ್ತಲೇ ಇರಲಿಲ್ಲ. ಮೊದಲಿನ ಕಾರಣ ಒಂದು ಲಾಂಚರ್. ಅದನ್ನು ತೆಗೆದ ಮೇಲೂ ತೊಂದರೆ ಹೋಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಎರಡನೇ ಕಾರಣ ನಾನೇ ತಂದಿಟ್ಟಿದ್ದೆ. ಇದು ಗೊತ್ತಾಗಲು ಎರಡು ವಾರ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು ಅಂತಲೇ ಬರೆಯುತ್ತಿದ್ದೇನೆ. ಅಳೆಯುವ ಪ್ರೋಗ್ರಾಂ ಮುಚ್ಚಿದ ಮೇಲೆ ಅಳತೆ ಶುರು ಮಾಡಿ.

ಹಾಗಾದರೆ ಅಳೆಯುವುದು ಹೇಗೆ ಅಂತ ಕೇಳಬಹುದು. ಚಾರ್ಜ್ ತುಂಬಿಸಿ. ಚಾರ್ಜರ್ ತೆಗೆಯಿರಿ. ಪರದೆಯ ಬೆಳಕು ಒಂದೇ ಮಟ್ಟದಲ್ಲಿರಲಿ. ಅನುಮಾನದ ಪ್ರೋಗ್ರಾಂ ತೆರೆದಿಟ್ಟು ಅರ್ಧ ಗಂಟೆ ಬಿಟ್ಟು ಎಷ್ಟು ಪರ್ಸೆಂಟ್ ಇಳಿಯಿತು ಅಂತ ಬರೆಯಿರಿ. ಆಮೇಲೆ ಅದನ್ನು ಮುಚ್ಚಿ ಇನ್ನರ್ಧ ಗಂಟೆ. ಕಾಗದ, ಪೆನ್ನು, ಗಡಿಯಾರ ಸಾಕು. ಈ ಅಳತೆ ಚಿಪ್‌ನ ನಿದ್ದೆ ಕೆಡಿಸುವುದಿಲ್ಲ.

ಕಾರಣ ಪ್ರೋಗ್ರಾಂ ಅಂತ ಗೊತ್ತಾದರೆ ಸರಿಪಡಿಸುವುದು ಸುಲಭ. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ. ಪ್ರೋಗ್ರಾಂ ಆರಿಸಿ ‘ಪವರ್ ಸೇವಿಂಗ್’ ಅಂತ ಕೊಡಿ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಿರಿ. ಅದು ಇಂಟಿಗ್ರೇಟೆಡ್‌ಗೆ ಬರುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಇಂಥದ್ದೇ ಆಯ್ಕೆ ಇದೆ. ಎರಡು ಕಡೆ ಬೇರೆ ಬೇರೆ ಹೇಳಿದ್ದರೆ ಈಗಿನ ವಿಂಡೋಸ್‌ನಲ್ಲಿ ವಿಂಡೋಸ್‌ನ ಮಾತೇ ನಡೆಯುತ್ತದೆ. ಹಾಗಾಗಿ ಒಂದೇ ಕಡೆ, ವಿಂಡೋಸ್‌ನಲ್ಲೇ ಹೇಳಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ ಅಂತ ಯಾರಾದರೂ ಇಟ್ಟಿದ್ದರೆ ಅದನ್ನು ‘ನಾರ್ಮಲ್’ ಮಾಡಿ.

ಯಾವ ಪ್ರೋಗ್ರಾಂ ಕೂಡ ಸಿಗದಿದ್ದರೆ ತಂತಿ ನೋಡಿ. ಹೊರಗಿನ ಮಾನಿಟರ್ ಹಾಕಿದ್ದೀರಾ? ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ ನೇರವಾಗಿ ಡೆಡಿಕೇಟೆಡ್ ಚಿಪ್‌ಗೆ ಸೇರಿರುತ್ತದೆ. ಮಾನಿಟರ್ ಹಾಕಿದ ಕ್ಷಣದಿಂದ ಆ ಚಿಪ್ ಎಚ್ಚರ. ನೀವು ಬರೀ ಒಂದು ಕಡತ ಓದುತ್ತಿದ್ದರೂ ಅಷ್ಟೇ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸ್‌ಎಕ್ಸ್ (PhysX) ಹೊಂದಿಸುವ ಪುಟ ತೆರೆದರೆ ಯಾವ ಪರದೆ ಯಾವ ಚಿಪ್‌ಗೆ ಸೇರಿದೆ ಅಂತ ಚಿತ್ರ ಬರೆದು ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಕಿಂಡಿ ಇಂಟಿಗ್ರೇಟೆಡ್‌ಗೆ ಸೇರಿದ್ದರೆ ಮಾನಿಟರ್ ಅಲ್ಲಿಗೆ ಹಾಕಿ. ಸದ್ದು ನಿಂತುಬಿಡುತ್ತದೆ. ಮಾನಿಟರ್ ತೆಗೆದ ಮೇಲೂ ಬ್ಯಾಟರಿ ಇಳಿಯುತ್ತಿದ್ದರೆ ಬ್ರೌಸರ್ ಮುಚ್ಚಿ ತೆರೆಯಿರಿ. ಬ್ರೌಸರ್ ತೆರೆಯುವಾಗ ಆರಿಸಿಕೊಂಡ ಚಿಪ್ಪನ್ನೇ ಹಿಡಿದುಕೊಂಡಿರುತ್ತದೆ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮಕ್ಸ್ ಸ್ವಿಚ್ ಇರುತ್ತದೆ. ಪರದೆಯ ತಂತಿಯನ್ನೇ ಡೆಡಿಕೇಟೆಡ್ ಕಡೆಗೆ ತಿರುಗಿಸುವ ಸ್ವಿಚ್ ಅದು. ಆಟ ಆಡುವಾಗ ಆನ್ ಮಾಡಿ, ಆಮೇಲೆ ಮರೆತಿರುತ್ತೇವೆ. ತಯಾರಕರ ಆ್ಯಪ್‌ನಲ್ಲೋ ಬಯಾಸ್‌ನಲ್ಲೋ (ಲ್ಯಾಪ್‌ಟಾಪ್ ಆನ್ ಆಗುವಾಗ ವಿಂಡೋಸ್‌ಗೂ ಮುಂಚೆ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ‘ಹೈಬ್ರಿಡ್’ ಅಂತ ಇದೆಯೇ ನೋಡಿ.

ಒಂದು ಎಚ್ಚರಿಕೆ. ಡಿವೈಸ್ ಮ್ಯಾನೇಜರ್‌ಗೆ (ಲ್ಯಾಪ್‌ಟಾಪ್‌ನ ಭಾಗಗಳನ್ನೆಲ್ಲ ವಿಂಡೋಸ್ ಪಟ್ಟಿ ಮಾಡಿ ತೋರಿಸುವ ಜಾಗ) ಹೋಗಿ ಡೆಡಿಕೇಟೆಡ್ ಚಿಪ್ಪನ್ನು ಡಿಸೇಬಲ್ ಮಾಡಿದರೆ ಬ್ಯಾಟರಿ ಉಳಿಯುತ್ತದೆ ಅನ್ನುವ ಸಲಹೆ ತುಂಬಾ ಓಡಾಡುತ್ತದೆ. ಮಾಡಬೇಡಿ. ಚಿಪ್ಪನ್ನು ಮಲಗಿಸುವುದು ಡ್ರೈವರ್‌ನ ಕೆಲಸ. ಡಿಸೇಬಲ್ ಮಾಡಿದರೆ ಡ್ರೈವರೇ ಇಳಿದುಹೋಗುತ್ತದೆ. ಆಗ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಿಪ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಮಲಗು ಅಂತ ಹೇಳುವವರು ಯಾರೂ ಇರುವುದಿಲ್ಲ. ಮೊದಲಿಗಿಂತ ಜಾಸ್ತಿ ಖರ್ಚು. ತಯಾರಕರ ಆ್ಯಪ್‌ನಲ್ಲೇ ಇಂಟಿಗ್ರೇಟೆಡ್ ಮಾತ್ರ ಅನ್ನುವ ಆಯ್ಕೆ ಇದ್ದರೆ ಅದನ್ನು ಬಳಸಿ. ಅದು ಸರಿಯಾಗಿ ಕರೆಂಟ್ ಕಡಿಯುತ್ತದೆ.

ಡೆಡಿಕೇಟೆಡ್ ಇದ್ದೂ ಆಟ, ಎಡಿಟಿಂಗ್ ನಿಧಾನ

ಮತ್ತೆ ಅದೇ ‘ಜಿಪಿಯು ಎಂಜಿನ್’ ಕಾಲಂ. ಆಟ ಇಂಟಿಗ್ರೇಟೆಡ್‌ನಲ್ಲಿ ಓಡುತ್ತಿದೆಯಾ? ಹಾಗಿದ್ದರೆ ಅದೇ ಗ್ರಾಫಿಕ್ಸ್ ಪುಟದಲ್ಲಿ ‘ಹೈ ಪರ್ಫಾರ್ಮೆನ್ಸ್’ ಕೊಡಿ, ಮುಗಿಯಿತು.

ಸರಿಯಾದ ಚಿಪ್‌ನಲ್ಲೇ ಓಡುತ್ತಿದ್ದೂ ನಿಧಾನ ಅಂದರೆ ಚಾರ್ಜರ್ ನೋಡಿ. ಬ್ಯಾಟರಿಯ ಮೇಲೆ ಡೆಡಿಕೇಟೆಡ್ ಚಿಪ್ ಪೂರ್ತಿ ಶಕ್ತಿಯಲ್ಲಿ ಓಡುವುದಿಲ್ಲ. ಅದು ದೋಷ ಅಲ್ಲ, ಬ್ಯಾಟರಿ ಅಷ್ಟು ಕೊಡಲಾರದು. ಜೊತೆಗೆ ಬಂದ ದೊಡ್ಡ ಚಾರ್ಜರ್ ಬಿಟ್ಟು 65 ವ್ಯಾಟ್‌ನ ಯುಎಸ್‌ಬಿ-ಸಿ ಚಾರ್ಜರ್ ಹಾಕಿದರೂ ಹೀಗೇ ಆಗುತ್ತದೆ. ಚಾರ್ಜ್ ಆಗುತ್ತಿದೆ ಅಂತ ತೋರಿಸುತ್ತದೆ, ಆದರೆ ಚಿಪ್‌ಗೆ ಬೇಕಾದಷ್ಟು ಸಿಗುತ್ತಿರುವುದಿಲ್ಲ.

ಹೆಸರು ಒಂದೇ ಇದ್ದರೆ ವೇಗವೂ ಒಂದೇ ಅಂದುಕೊಳ್ಳುವುದು ಇನ್ನೊಂದು ತಪ್ಪು. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಚಿಪ್ಪನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಹೊಂದಿಸಬಹುದು. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಕೆಳಗಿನ ಅಂಕಿ, ದಪ್ಪದ್ದರಲ್ಲಿ ಮೇಲಿನ ಅಂಕಿ ಇರುವುದು ಸಹಜ. ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ಅದೇ ಚಿಪ್ ಜಾಸ್ತಿ ವೇಗ ಕೊಡುತ್ತಿದ್ದರೆ ನಿಮ್ಮದು ಕೆಟ್ಟಿದೆ ಅಂತ ಅಲ್ಲ. ನಿಮ್ಮ ಮಾದರಿಯ ವಿವರದಲ್ಲಿ ವ್ಯಾಟ್ ಎಷ್ಟು ಬರೆದಿದೆ ನೋಡಿ.

ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಂಟಿದರೆ ಬಿಸಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಸೇರಿ ಒಂದೇ ತಾಮ್ರದ ಕೊಳವೆಗಳ ವ್ಯವಸ್ಥೆ. ಒಬ್ಬರ ಬಿಸಿ ಇನ್ನೊಬ್ಬರಿಗೂ ತಟ್ಟುತ್ತದೆ. ಗಾಳಿ ಕಿಂಡಿಯ ಧೂಳು ತೆಗೆಸಿ. ಹಾಸಿಗೆ ಮೇಲಿಟ್ಟು ಬಳಸಬೇಡಿ.

ಗ್ರಾಫಿಕ್ಸ್ ಮೆಮೊರಿ ತುಂಬಿದರೂ ಕುಂಟುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಡೆಡಿಕೇಟೆಡ್ ಜಿಪಿಯು ಮೆಮೊರಿ’ಯ ಗೆರೆ ಮೇಲಿನ ತುದಿ ಮುಟ್ಟಿದೆಯಾ? ಮುಟ್ಟಿದ್ದರೆ ಉಳಿದದ್ದು ರ‍್ಯಾಮ್‌ಗೆ ಚೆಲ್ಲುತ್ತಿದೆ. ಆಟದಲ್ಲಿ ಟೆಕ್ಸ್ಚರ್ ಮಟ್ಟ ಒಂದು ಮೆಟ್ಟಿಲು ಇಳಿಸಿ ನೋಡಿ. ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಇಂಟಿಗ್ರೇಟೆಡ್ ಮಾತ್ರ ಇದೆ, ಎಲ್ಲ ತಡವರಿಸುತ್ತದೆ

ಮೊದಲು ಒಂದು ಭಯ ಹೋಗಲಾಡಿಸುತ್ತೇನೆ. ಇಂಟೆಲ್ ಗ್ರಾಫಿಕ್ಸ್‌ನ ವಿವರ ನೋಡಿದವರು “ಬರೀ 128 ಎಂಬಿ ಮೆಮೊರಿ ಇದೆ” ಅಂತ ಗಾಬರಿ ಆಗುತ್ತಾರೆ. ಅದು ಸುಮ್ನೆ ಕಾದಿರಿಸಿದ ಚಿಕ್ಕ ಪಾಲು. ಬೇಕಾದಾಗ ಅದು ರ‍್ಯಾಮ್‌ನಿಂದ ಇನ್ನಷ್ಟು ಪಡೆಯುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಶೇರ್ಡ್ ಜಿಪಿಯು ಮೆಮೊರಿ’ ಅಂತ ಕಾಣುವುದು ಆ ಮಿತಿ, ಸಾಮಾನ್ಯವಾಗಿ ಒಟ್ಟು ರ‍್ಯಾಮ್‌ನ ಅರ್ಧದಷ್ಟು. ಬಯಾಸ್‌ಗೆ ಹೋಗಿ 128 ಅನ್ನು ಹೆಚ್ಚಿಸಲು ಒದ್ದಾಡಬೇಕಿಲ್ಲ.

ನಿಜವಾದ ತೊಂದರೆ ರ‍್ಯಾಮ್‌ನ ದಾರಿಯಲ್ಲಿರುತ್ತದೆ. ಡಿಡಿಆರ್4-3200 ರ‍್ಯಾಮ್ ಒಂದೇ ಪಟ್ಟಿ (ಸ್ಟಿಕ್) ಇದ್ದರೆ ಸೆಕೆಂಡಿಗೆ 25.6 ಗಿಗಾಬೈಟ್ ಹರಿಯಬಲ್ಲದು. ಎರಡು ಪಟ್ಟಿ ಇದ್ದರೆ ದಾರಿ ಎರಡಾಗುತ್ತದೆ, 51.2 ಗಿಗಾಬೈಟ್. ಇದನ್ನೇ ಪ್ರೊಸೆಸರ್, ಗ್ರಾಫಿಕ್ಸ್ ಇಬ್ಬರೂ ಹಂಚಿಕೊಳ್ಳಬೇಕು. ಹೋಲಿಕೆಗೆ ಹೇಳುವುದಾದರೆ, ಮೇಲೆ ಹೇಳಿದ 4060 ಚಿಪ್‌ನ ಸ್ವಂತ ಮೆಮೊರಿ ಸೆಕೆಂಡಿಗೆ 200 ಗಿಗಾಬೈಟ್ ದಾಟುತ್ತದೆ. ಹಾಗಾಗಿ ಇಂಟಿಗ್ರೇಟೆಡ್‌ಗೆ ಎರಡನೇ ಪಟ್ಟಿ ಅಂದರೆ ಉಸಿರಾಡಲು ಜಾಗ ಸಿಕ್ಕಿದ ಹಾಗೆ.

ಪರೀಕ್ಷೆ ಸುಲಭ. ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ. ‘ಸ್ಲಾಟ್ಸ್ ಯೂಸ್ಡ್’ ಎದುರು ಎರಡರಲ್ಲಿ ಒಂದು ಅಂತಿದ್ದರೆ ಒಂದೇ ಪಟ್ಟಿ ಇದೆ, ಇನ್ನೊಂದು ಜಾಗ ಖಾಲಿ ಇದೆ. ಇಂಟೆಲ್‌ನ 11, 12, 13ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಚೆಂದದ ಸುಳಿವೂ ಇದೆ. ಡಬ್ಬಿಯ ಮೇಲೆ ಐರಿಸ್ ಎಕ್ಸ್‌ಇ ಅಂತಿದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಮಾತ್ರ ಯುಎಚ್‌ಡಿ ಅಂತ ತೋರಿಸುತ್ತದೆ. ಮೋಸ ಆಯಿತು ಅಂದುಕೊಳ್ಳಬೇಡಿ. ರ‍್ಯಾಮ್ ಎರಡು ದಾರಿಯಲ್ಲಿ ಇದ್ದರೆ ಮಾತ್ರ ಇಂಟೆಲ್ ಆ ಹೆಸರು ಕೊಡುತ್ತದೆ. ಎರಡನೇ ಪಟ್ಟಿ ಹಾಕಿದ ಮೇಲೆ ಹೆಸರೂ ಬದಲಾಗುತ್ತದೆ, ಓಟವೂ ಬದಲಾಗುತ್ತದೆ. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುವ ಮಾದರಿಗಳಲ್ಲಿ ಈ ದಾರಿ ಇಲ್ಲ. ಆದರೆ ಅವುಗಳಲ್ಲಿ ಬಹುತೇಕ ಮೊದಲೇ ಎರಡು ದಾರಿ ಕೊಟ್ಟಿರುತ್ತಾರೆ.

ಒಟ್ಟು ರ‍್ಯಾಮ್ 8 ಜಿಬಿ ಇದ್ದು, ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿದ್ದರೆ, ಗ್ರಾಫಿಕ್ಸ್ ಪಾಲಿಗೆ ಉಳಿಯುವುದು ತುಂಬಾ ಕಡಿಮೆ. ಮೆಮೊರಿ ಬಳಕೆ 90 ಪರ್ಸೆಂಟ್ ಸುತ್ತಮುತ್ತ ಇದ್ದರೆ ತಡವರಿಕೆಗೆ ಮೊದಲ ಅನುಮಾನ ರ‍್ಯಾಮ್ ಮೇಲಿರಲಿ, ಗ್ರಾಫಿಕ್ಸ್ ಮೇಲಲ್ಲ.

ವಿಡಿಯೋ ಮಾತ್ರ ತಡವರಿಸಿದರೆ ದಾರಿ ಬೇರೆ. ಚಿಪ್‌ಗಳಲ್ಲಿ ಕುಗ್ಗಿಸಿಟ್ಟ ವಿಡಿಯೋವನ್ನು ಬಿಡಿಸುವುದಕ್ಕೇ ಅಂತ ಬೇರೆ ಭಾಗ ಇದೆ. ವಿಡಿಯೋ ಓಡಿಸುತ್ತಾ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ವಿಡಿಯೋ ಡೀಕೋಡ್’ ಗೆರೆ ನೋಡಿ. ಅದು ಮೇಲೆ ಕೆಳಗೆ ಆಡುತ್ತಿದ್ದರೆ ಸರಿಯಾಗಿದೆ. ಸೊನ್ನೆಯಲ್ಲೇ ಇದ್ದು ಪ್ರೊಸೆಸರ್ ಉರಿಯುತ್ತಿದ್ದರೆ ಆ ಭಾಗ ಕೆಲಸಕ್ಕೇ ಬಂದಿಲ್ಲ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಆಗಿದೆಯೇ ನೋಡಿ, ಆನ್ ಮಾಡಿ. ಆನ್ ಇದ್ದೂ ಹೀಗೇ ಆದರೆ ವಿಡಿಯೋ ಕುಗ್ಗಿಸಿದ ಮಾದರಿ (ಕೋಡೆಕ್) ಕಾರಣ ಇರಬಹುದು. ಯೂಟ್ಯೂಬ್‌ನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿದರೆ ಮಾದರಿ ಯಾವುದು, ಎಷ್ಟು ಫ್ರೇಮ್ ಬಿದ್ದುಹೋಯಿತು ಎರಡೂ ತಿಳಿಯುತ್ತದೆ. ಎವಿ1 ಮಾದರಿಯನ್ನು ಇಂಟೆಲ್‌ನಲ್ಲಿ 2020ರ 11ನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳಿಂದ ಈಚಿನವು ಬಿಡಿಸಬಲ್ಲವು. ಅದಕ್ಕಿಂತ ಹಳೆಯದರಲ್ಲಿ ಆ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಯೂಟ್ಯೂಬ್ ಖಾತೆಯ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಎವಿ1 ಕಡಿಮೆ ಮಾಡಬಹುದು, ಇಲ್ಲವೇ ವಿಡಿಯೋದ ಕ್ವಾಲಿಟಿ ಒಂದು ಮಟ್ಟ ಇಳಿಸಬಹುದು.

ವಿಡಿಯೋ ಕರೆಯಲ್ಲಿ ಮಾತ್ರ ಬಿಸಿ ಏರುತ್ತದೆಯಾ? ಹಿಂದಿನ ದೃಶ್ಯ ಮಸುಕು ಮಾಡುವ ಆಯ್ಕೆ ಆಫ್ ಮಾಡಿ ನೋಡಿ.

ಪರದೆ ಮಿನುಗುತ್ತದೆ, ಗೆರೆ ಬರುತ್ತದೆ, ಕಪ್ಪಾಗುತ್ತದೆ

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪರೀಕ್ಷೆ ಇದೆ. ಗೆರೆ ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ಫೋನಿಗೆ ಕಳಿಸಿ ನೋಡಿ. ಸ್ಕ್ರೀನ್‌ಶಾಟ್‌ನಲ್ಲೂ ಗೆರೆ ಇದ್ದರೆ ಚಿತ್ರ ಬರೆಯುವಾಗಲೇ ಕೆಟ್ಟಿದೆ: ಡ್ರೈವರ್, ಇಲ್ಲವೇ ಚಿಪ್, ಇಲ್ಲವೇ ಅದರ ಮೆಮೊರಿ. ಸ್ಕ್ರೀನ್‌ಶಾಟ್ ಸ್ವಚ್ಛವಾಗಿದ್ದರೆ ಚಿತ್ರ ಸರಿಯಾಗಿಯೇ ತಯಾರಾಗಿದೆ, ಪರದೆಗೆ ಹೋಗುವ ದಾರಿಯಲ್ಲಿ ಎಲ್ಲೋ ಕೆಡುತ್ತಿದೆ. ಆಗ ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಮಾಡಿ. ಒಂದು ಕೋನದಲ್ಲಿ ಮಾತ್ರ ಮಿನುಗಿದರೆ ಕೀಲಿನ ಬಳಿಯ ಪರದೆ ಕೇಬಲ್. ಹೊರಗಿನ ಮಾನಿಟರ್ ಹಾಕಿ ನೋಡಿ. ಅದರಲ್ಲಿ ಚೆನ್ನಾಗಿದ್ದರೆ ಕೇಬಲ್ ಅಥವಾ ಪರದೆಯ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಆದರೆ ಆ ಕಿಂಡಿ ಬೇರೆ ಚಿಪ್‌ಗೆ ಸೇರಿರಬಹುದು ಅನ್ನುವುದನ್ನು ಮರೆಯಬೇಡಿ. ಎರಡೂ ಪರೀಕ್ಷೆ ಒಂದೇ ಕಡೆ ಬೆರಳು ತೋರಿಸಿದರೆ ನಂಬಬಹುದು.

ಇನ್ನೂ ಖಚಿತ ಬೇಕೆಂದರೆ ಬಯಾಸ್ ಪರದೆ ತೆರೆಯಿರಿ. ಅಲ್ಲಿ ವಿಂಡೋಸ್ ಇಲ್ಲ, ಅದರ ಡ್ರೈವರೂ ಇಲ್ಲ. ಅಲ್ಲೂ ಗೆರೆ ಇದ್ದರೆ ಹಾರ್ಡ್‌ವೇರ್.

ಬ್ಯಾಟರಿಯಲ್ಲಿ ಮಾತ್ರ ಮಿನುಗಿ, ಚಾರ್ಜರ್ ಹಾಕಿದ ಕೂಡಲೇ ಸರಿಹೋದರೆ ಇಂಟೆಲ್ ಗ್ರಾಫಿಕ್ಸ್‌ನ ಆ್ಯಪ್‌ನಲ್ಲಿ ‘ಪ್ಯಾನೆಲ್ ಸೆಲ್ಫ್ ರಿಫ್ರೆಶ್’ ಆಫ್ ಮಾಡಿ. ಚಿತ್ರ ಬದಲಾಗದಿರುವಾಗ ಪರದೆ ತನ್ನಲ್ಲಿರುವುದನ್ನೇ ತೋರಿಸುತ್ತಾ ಕರೆಂಟ್ ಉಳಿಸುವ ಉಪಾಯ ಅದು. ಕೆಲವು ಪರದೆಗಳಿಗೆ ಅದು ಸರಿಹೊಂದುವುದಿಲ್ಲ.

ಪರದೆ ಒಂದೆರಡು ಕ್ಷಣ ಕಪ್ಪಾಗಿ ಮತ್ತೆ ಬಂದರೆ ಡ್ರೈವರ್ ಬಿದ್ದು ಎದ್ದಿದೆ. ಗ್ರಾಫಿಕ್ಸ್ ಚಿಪ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಹೊಸದಾಗಿ ಶುರು ಮಾಡುತ್ತದೆ. ಈವೆಂಟ್ ವ್ಯೂಯರ್ (ಆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ಜಾಗ) ತೆರೆದು ಅದರ ಸಿಸ್ಟಂ ದಾಖಲೆಯಲ್ಲಿ 4101 ಅನ್ನುವ ಸಂಖ್ಯೆ ಹುಡುಕಿ. ಯಾವ ಡ್ರೈವರ್ ಬಿದ್ದಿತು ಅಂತ ಅಲ್ಲಿ ಬರೆದಿರುತ್ತದೆ. ಇಂಟೆಲ್ಲೋ ಎನ್‌ವಿಡಿಯಾನೋ ಎಎಂಡಿಯೋ ಅಂತ ಗೊತ್ತಾದರೆ ಅರ್ಧ ಕೆಲಸ ಆಯಿತು. ಈ 2 ಸೆಕೆಂಡನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್ಸ್ ಕಡತ) ಹೆಚ್ಚಿಸಿ ಅಂತ ಹೇಳುವವರಿದ್ದಾರೆ. ಅದರಿಂದ ರೋಗ ವಾಸಿ ಆಗುವುದಿಲ್ಲ, ಪರದೆ ಇನ್ನಷ್ಟು ಹೊತ್ತು ನಿಂತಿರುತ್ತದೆ ಅಷ್ಟೇ.

ಪರದೆ ನಿಂತೇ ಹೋದರೆ ಪವರ್ ಗುಂಡಿ ಒತ್ತುವ ಮುಂಚೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತದೆ. ಬರೆಯುತ್ತಿದ್ದ ಕಡತ ಉಳಿಯುವ ಸಾಧ್ಯತೆ ಇದೆ.

ಡ್ರೈವರ್ ಸರಿಮಾಡುವುದು

ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿದ್ದರೆ ನಿಜವಾದ ಡ್ರೈವರ್ ಇಲ್ಲವೇ ಇಲ್ಲ. ಬೆಳಕು ಹೊಂದಿಸುವ ಪಟ್ಟಿ ಕಾಣೆಯಾಗಿರುತ್ತದೆ, ಕಿಟಕಿ ಎಳೆದರೆ ತುಂಡು ತುಂಡಾಗಿ ಸರಿಯುತ್ತದೆ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಲ್ಯಾಪ್‌ಟಾಪ್ ನಿಧಾನ ಆಯ್ತು ಅನ್ನುವವರು ಮೊದಲು ಇದನ್ನೇ ನೋಡಬೇಕು.

ಎರಡು ಗ್ರಾಫಿಕ್ಸ್ ಇದ್ದರೆ ಎರಡಕ್ಕೂ ಡ್ರೈವರ್ ಬೇಕು. ಎನ್‌ವಿಡಿಯಾದು ಮಾತ್ರ ಹೊಸದು ಮಾಡಿ ಇಂಟೆಲ್‌ನದು ನಾಲ್ಕು ವರ್ಷ ಹಳೆಯದೇ ಇರುವುದು ನಾನು ಜಾಸ್ತಿ ಕಂಡಿರುವ ಸ್ಥಿತಿ. ಪರದೆಗೆ ಚಿತ್ರ ಕಳಿಸುವುದು ಆ ಹಳೆಯದೇ ಅಲ್ವಾ? ಮೊದಲು ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನಿಮ್ಮದೇ ಮಾದರಿಗೆ ಕೊಟ್ಟದ್ದನ್ನು ಹಾಕಿ. ಸರಿಹೋಗದಿದ್ದರೆ ಮಾತ್ರ ಚಿಪ್ ತಯಾರಕರದ್ದು.

ಅದರ ಮೇಲೂ ಹಠ ಮಾಡಿದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಬೇಕಾದ ಡ್ರೈವರ್ ಮೊದಲೇ ಇಳಿಸಿಟ್ಟುಕೊಳ್ಳಿ. ಇಂಟರ್ನೆಟ್ ಕಡಿಯಿರಿ, ಇಲ್ಲದಿದ್ದರೆ ಮಧ್ಯದಲ್ಲಿ ವಿಂಡೋಸ್ ತನ್ನದೊಂದನ್ನು ಹಾಕಿಬಿಡುತ್ತದೆ. ಸೇಫ್ ಮೋಡ್‌ನಲ್ಲಿ (ವಿಂಡೋಸ್ ತೀರಾ ಅಗತ್ಯದ್ದನ್ನಷ್ಟೇ ತೆರೆಯುವ ಸ್ಥಿತಿ) ಹಳೆಯದನ್ನು ಬುಡಸಮೇತ ತೆಗೆದು, ಹೊಸದು ಹಾಕಿ.

ಇಷ್ಟೆಲ್ಲ ಆದ ಮೇಲೂ ಡೆಡಿಕೇಟೆಡ್ ಚಿಪ್ ಪಕ್ಕ ಹಳದಿ ಗುರುತು, ಒಳಗೆ ಕೋಡ್ 43 ಅಂತ ಬಂದರೆ ಚಿಪ್ಪೇ ತನಗೆ ತೊಂದರೆ ಇದೆ ಅಂತ ಹೇಳುತ್ತಿದೆ. ಸ್ವಚ್ಛವಾಗಿ ಹಾಕಿದ ಎರಡು ಬೇರೆ ಡ್ರೈವರ್‌ಗಳಲ್ಲೂ ಇದೇ ಬಂದರೆ ನಾನು ಹಾರ್ಡ್‌ವೇರ್ ಕೆಟ್ಟಿದೆ ಅಂತಲೇ ತೀರ್ಮಾನಿಸುತ್ತೇನೆ.

ಚಿಪ್ಪೇ ಹೋಗಿದ್ದರೆ

ಬಿಸಿಯಾಗುವುದು, ಆರುವುದು, ಮತ್ತೆ ಬಿಸಿಯಾಗುವುದು. ವರ್ಷಗಟ್ಟಲೆ ಹೀಗಾದರೆ ಚಿಪ್‌ನ ಕೆಳಗಿನ ಸಣ್ಣ ಬೆಸುಗೆಗಳು ಬಿರುಕು ಬಿಡುತ್ತವೆ. ದೊಡ್ಡ ಮಟ್ಟದಲ್ಲೂ ಹೀಗಾಗಿದೆ. 2008ರಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ತಯಾರಿಕೆಯ ಸಾಮಗ್ರಿ ದುರ್ಬಲವಾಗಿತ್ತು ಅಂತ ಒಪ್ಪಿ, ರಿಪೇರಿ ಖರ್ಚಿಗೆ ಹಣ ತೆಗೆದಿಟ್ಟಿತು. 2015ರಲ್ಲಿ ಆಪಲ್ 2011ರಿಂದ 2013ರ ನಡುವಿನ ಕೆಲವು ಮ್ಯಾಕ್‌ಬುಕ್ ಪ್ರೊಗಳ ಗ್ರಾಫಿಕ್ಸ್ ತೊಂದರೆಗೆ ಉಚಿತ ರಿಪೇರಿ ಘೋಷಿಸಿತು. ಹಾಗಾಗಿ ವಾರಂಟಿ ಮುಗಿದಿದ್ದರೂ ನಿಮ್ಮ ಮಾದರಿಗೆ ಇಂಥ ವಿಶೇಷ ಯೋಜನೆ ಏನಾದರೂ ಇದೆಯೇ ಅಂತ ಒಮ್ಮೆ ತಯಾರಕರನ್ನು ಕೇಳಿ.

ಬೋರ್ಡನ್ನು ಓವನ್‌ನಲ್ಲಿಟ್ಟು, ಬಿಸಿ ಗಾಳಿ ಹೊಡೆದು ಬೆಸುಗೆ ಕರಗಿಸುವ ಉಪಾಯಕ್ಕೆ ಕೈ ಹಾಕಬೇಡಿ. ಕೆಲವು ವಾರ ನಡೆದು ಮತ್ತೆ ನಿಲ್ಲುತ್ತದೆ, ಜೊತೆಗೆ ಸುತ್ತಲಿನ ಭಾಗಗಳೂ ಹಾಳಾಗುತ್ತವೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡೆಡಿಕೇಟೆಡ್ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದೊಂದನ್ನೇ ಬದಲಿಸುವುದು ಕಷ್ಟ, ಇಡೀ ಬೋರ್ಡ್ ಬದಲಿಸಿ ಅನ್ನುತ್ತಾರೆ.

ಅದಕ್ಕೆ ಒಪ್ಪುವ ಮುಂಚೆ ಒಂದು ಕೆಲಸ ಮಾಡಿ. ಬಯಾಸ್‌ನಲ್ಲಿ ಡೆಡಿಕೇಟೆಡ್ ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ, ಮೇಲೆ ಬೇಡ ಅಂದಿದ್ದೆನಲ್ಲ, ಆ ಡಿವೈಸ್ ಮ್ಯಾನೇಜರ್‌ನ ಡಿಸೇಬಲ್ ಇಲ್ಲಿ ಬಳಸಿ. ಬ್ಯಾಟರಿ ಸ್ವಲ್ಪ ಕಡಿಮೆ ಬರಬಹುದು, ಇಂಥ ಹೊತ್ತಿನಲ್ಲಿ ಪರವಾಗಿಲ್ಲ. ಒಂದು ವಾರ ಇಂಟಿಗ್ರೇಟೆಡ್‌ನಲ್ಲೇ ನಿಮ್ಮ ಎಲ್ಲ ಕೆಲಸ ಮಾಡಿ. ಕಪ್ಪು ಪರದೆ, ಗೆರೆ ಒಮ್ಮೆಯೂ ಬರದಿದ್ದರೆ ಕೆಟ್ಟಿರುವುದು ಆ ಒಂದು ಚಿಪ್ ಮಾತ್ರ. ಆ ವಾರದಲ್ಲಿ ಅದಿಲ್ಲದೆ ನಿಂತ ಕೆಲಸ ಯಾವುದು ಅಂತ ಬರೆದಿಡಿ. ಬೋರ್ಡ್ ಬದಲಿಸಬೇಕೋ ಬೇಡವೋ ಅನ್ನುವುದನ್ನು ಆ ಪಟ್ಟಿ ನೋಡಿ ತೀರ್ಮಾನಿಸಿ.